ಟ್ರೇಲರ್ ಬಿಡುವ ಮುಂಚಿನ ಪ್ಯಾಕಿಂಗ್

ವಡೋದರಾದ ಮಕರಪುರದಲ್ಲಿ ನಮ್ಮ ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ, ನಾವಿಬ್ಬರೂ ಅದೇ ಸೈಟಿನ ಮೂಲೆಯಲ್ಲಿ ಟ್ರೇಲರ್ ಮನೆಯೊಂದರಲ್ಲಿದ್ದೆವು. ಚಕ್ರದ ಮೇಲೆ ನಿಂತ ತಗಡಿನ ಪೆಟ್ಟಿಗೆ. ಎರಡು ಮಂಚ, ಪುಟ್ಟ ಅಡುಗೆಕಟ್ಟೆ, ಕಿಟಕಿಗೆ ನಾನೇ ಹೊಲಿದ ಫ್ರಿಲ್ ಕರ್ಟನ್. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹೊಲಿಗೆ ಎಪ್ಪತ್ತು ದಾಟಿದ ಮೇಲೆ ಉಪಯೋಗಕ್ಕೆ ಬಂತು. ಆನೆಸ್ಟ್ಲಿ, ನಾನಲ್ಲಿ ಸುಖವಾಗಿದ್ದೆ.

ನಮ್ಮ ಯಜಮಾನರು ರೈಲ್ವೆಯಲ್ಲಿದ್ದವರು. ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್ ಕಂಡ ಸಂಸಾರ ನಮ್ಮದು. ಟ್ರಂಕುಗಳಿಗೆಲ್ಲ ಬಿಳಿ ಪೇಂಟಿನಲ್ಲಿ ನಂಬರು: ಒಂದರಲ್ಲಿ ದೇವರು, ಎರಡರಲ್ಲಿ ಪಾತ್ರೆ, ಮೂರರಲ್ಲಿ ಕಾಗದಪತ್ರ. ಮನೆ ಬಿಡುವುದಿದ್ದರೆ ಅದೇ ಕ್ರಮದಲ್ಲಿ ಬಿಡಬೇಕು.

ಎದುರು ಮನೆಯ ಗುಜರಾತಿ ಹೆಂಗಸು ಮೊದಲ ವಾರವೇ ಹೇಳಿದ್ದಳು: "ಮಾಸಿ, ಆಂಧಿ ಆಯೇ ತೋ ಇಸ್ ಡಬ್ಬೇ ಮೇ ಮತ್ ಬೈಠನಾ. ಸೀಧಾ ಹಮಾರೇ ಘರ್." ಬಿರುಗಾಳಿ ಬಂದರೆ ಈ ಡಬ್ಬಿಯಲ್ಲಿ ಕೂರದೆ ನೇರ ಅವರ ಮನೆಗೆ ಬರಬೇಕಂತೆ. ಅವಳ ಮನೆಯ ಮೆಟ್ಟಿಲ ಕೆಳಗಿನ ಬಚ್ಚಲಿಗೆ ಕಿಟಕಿಯಿಲ್ಲ, ಸುತ್ತ ಇಟ್ಟಿಗೆಯ ಗೋಡೆ, ಗಾಳಿ ಬಂದರೆ ಅಲ್ಲೇ ಕೂರಬೇಕೆಂದು ಅವಳ ಆರ್ಡರ್. ಇವರು ನಕ್ಕುಬಿಟ್ಟರು. ಟ್ರೇಲರಿನ ನಾಲ್ಕೂ ಮೂಲೆಗಳನ್ನು ಸ್ಟೀಲ್ ಹಗ್ಗದಿಂದ ನೆಲಕ್ಕೆ ಬಿಗಿಸಿದ್ದರಲ್ಲ! "ಅಲ್ಲಾಡಲ್ಲ ಕಣೇ ಇದು."

ಮೇ ತಿಂಗಳ ಒಂದು ಮಧ್ಯಾಹ್ನ ಮೊಬೈಲು ಕಿರುಚಿ ಬಿರುಗಾಳಿಯ ಅಲರ್ಟ್ ಕೊಟ್ಟಿತು. ಪಶ್ಚಿಮದ ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ದೂರದಲ್ಲಿ ಧೂಳು ಸುಂಟರಗಾಳಿಯಾಗಿ ಮೇಲೇಳುತ್ತಿತ್ತು. "ಹೊರಡೋಣ" ಎಂದರು ಇವರು. ಹಾಗೆಂದು ನಾವಿಬ್ಬರೂ ಮಾಡಿದ್ದೇನು? ಪ್ಯಾಕಿಂಗ್!

"ಒಂದನೇ ನಂಬರ್ ಎಲ್ಲೇ?"

"ಮಂಚದ ಕೆಳಗಿದೆ. ರೀ, ನೀವು ಬಗ್ಗಬೇಡಿ, ನಾನು ಎಳೀತೀನಿ."

ಇವರ ಮಂಡಿಗೆ ಟ್ರೇಲರಿನ ಮೂರು ಮೆಟ್ಟಿಲಿಳಿಯಲೇ ಐದು ನಿಮಿಷ ಬೇಕು. ಅದು ನನಗೆ ಗೊತ್ತಿತ್ತು. ಆದರೂ ದೇವರನ್ನು ಟವೆಲಿನಲ್ಲಿ ಸುತ್ತಿಟ್ಟು, ಎರಡನೇ ಟ್ರಂಕಿಗೆ ಕೈ ಹಾಕಿದೆ. ಕಾಲ ಕೆಳಗಿನ ನೆಲ ಒಮ್ಮೆ ಎತ್ತಿ ಕುಕ್ಕಿದಂತಾಯಿತು.

ದುಪಟ್ಟಾ ಮುಖಕ್ಕೆ ಸುತ್ತಿಕೊಂಡು ಎದುರು ಮನೆಯವಳು ಬಾಗಿಲಿಗೆ ಬಂದಳು. "ಮಾಸಿ! ಟ್ರೇನ್ ನಹೀ ಆ ರಹೀ, ಆಂಧಿ ಆ ರಹೀ ಹೈ!" ಬರುತ್ತಿರುವುದು ರೈಲಲ್ಲ, ಬಿರುಗಾಳಿ ಎಂದು ಕಿರುಚಿದಳು.

"ಏಕ್ ಮಿನಟ್ ಬೆಹೆನ್, ತೀನ್ ನಂಬರ್..." ಎಂದರು ಇವರು.

"ಕಾಕಾ, ಪೇಟೀ ಉಠಾಊ ಯಾ ಆಪ್ ಕೋ?"

ಎತ್ತುವುದು ಪೆಟ್ಟಿಗೆಯನ್ನೋ ನಿಮ್ಮನ್ನೋ ಎಂದು ಕೇಳಿದವಳು ಉತ್ತರಕ್ಕೆ ಕಾಯಲಿಲ್ಲ. ಇವರ ತೋಳಿನಡಿ ಹೆಗಲು ಕೊಟ್ಟಳು. ಇನ್ನೊಂದು ಕಡೆ ನಾನು. ಕಣ್ಣಿಗೆ ಮರಳು ಹೊಡೆಯುತ್ತಿದ್ದಂತೆ ರಸ್ತೆ ದಾಟಿದೆವು.

ಬಚ್ಚಲಲ್ಲಿ ಇವರಿಗೆ ಸ್ಟೂಲು, ನಮಗೆ ಬೋರಲು ಹಾಕಿದ ಬಕೆಟ್ಟುಗಳು. ಮೂವರ ತಲೆಯ ಮೇಲೂ ಒಂದೇ ಹಾಸಿಗೆ. ಹೊರಗೆ ತಗಡು ಹರಿಯುವ ಸದ್ದು. ಪರರ ಮುಂದೆ ಒಂದು ದಿನವೂ ನನ್ನ ಕೈ ಹಿಡಿಯದ ಮನುಷ್ಯ, ಕತ್ತಲಲ್ಲಿ ತಡಕಾಡಿ ಹಿಡಿದುಕೊಂಡರು.

ಗಾಳಿ ನಿಂತಾಗ ಟ್ರೇಲರು ಮಗ್ಗುಲಾಗಿ ಬಿದ್ದಿತ್ತು. ಎರಡು ಹಗ್ಗ ತುಂಡಾಗಿದ್ದವು; ಅಡುಗೆಕಟ್ಟೆ ನಮ್ಮ ಮಂಚಗಳ ಮೇಲೆ ಒರಗಿತ್ತು. ಇವರು ತುಂಡಾದ ಹಗ್ಗವನ್ನು ಮುಟ್ಟಿ ನೋಡಿದರು. ಆಮೇಲೆ, "ನಿನಗೆ ಪೆಟ್ಟೇನೂ ಆಗಿಲ್ಲ ತಾನೇ?" ಎಂದರು. ಮತ್ತೆ ಐದು ನಿಮಿಷ ಬಿಟ್ಟು ಅದನ್ನೇ ಕೇಳಿದರು.

ಆ ಸಂಜೆ ಎದುರು ಮನೆಯಲ್ಲೇ ಊಟ. ಇಷ್ಟು ವರ್ಷ ಗುಜರಾತಿನಲ್ಲಿದ್ದೂ ಬೆಲ್ಲ ಹಾಕಿದ ದಾಲ್ ಕಂಡರೆ ಮುಖ ಕಿವುಚುತ್ತಿದ್ದವರು, ಅವಳ ಮುಂದೆ ಬಟ್ಟಲು ಹಿಡಿದು, "ಥೋಡಾ ಔರ್, ಬೇಟಾ" ಎಂದು ಇನ್ನೂ ಸ್ವಲ್ಪ ಕೇಳಿದರು.