ಜೇಬಿನಲ್ಲಿ ಕ್ಯಾರೆಟ್

ಊರಿಗಾಂ ಗಣಿಯ ಸಾಲುಮನೆಗಳ ಲೈನಿನಲ್ಲಿ ನಮ್ಮ ಪಕ್ಕದ ಮನೆಯ ವೆಲ್ಡರಣ್ಣ, ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ ಕ್ಯಾರೆಟ್ ಇಟ್ಟುಕೊಂಡು ಓಡಾಡುತ್ತಿದ್ದರು. ಅವರು ಸಾಕಿದ್ದ ಚುಕ್ಕೆ ಹಲ್ಲಿಗೆ ಜೀವಂತ ಜೀರುಂಡೆಗಳೇ ಆಗಬೇಕು. ಅದಕ್ಕೆಂದೇ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಟ್ಟೆ ಟ್ರೇ ನಿಲ್ಲಿಸಿ, ಒದ್ದೆ ಮರಳಿನ ಬಟ್ಟಲಿಟ್ಟು, ಜೀರುಂಡೆಗಳನ್ನು ಮರಿ ಮಾಡಿಸುತ್ತಿದ್ದರು. ಹಲ್ಲಿ ಹಸಿದು ತನ್ನ ಪೆಟ್ಟಿಗೆಯ ಗಾಜಿಗೆ ಮೂತಿ ಒತ್ತಿದರೂ ಅವರಿಗೆ ಅವಸರವಿಲ್ಲ. ಜೀರುಂಡೆ ತಿಂದದ್ದೇ ತಾನೇ ಹಲ್ಲಿಗೆ ಸೇರುವುದು? ಕ್ಯಾರೆಟ್ ತುರಿದು ಡಬ್ಬಿಗೆ ಉದುರಿಸುತ್ತಾ, "ಮೊದ್ಲು ಇವುಗಳ ಒಟ್ಟೆ ತುಂಬ್ಲಿ" ಅನ್ನುತ್ತಿದ್ದರು.

ಗೋಡೆ ದಾಟಿ ಬರುವ ಚಿರ್‌ಚಿರ್ ಸದ್ದಿಗೆ ನಮ್ಮಮ್ಮ ದಿನಾ ಬೈಯುತ್ತಿದ್ದಳು.

ಒಂದು ಭಾನುವಾರ ಡಬ್ಬಿಯ ಮುಚ್ಚಳ ಸರಿದು, ಜೀರುಂಡೆಗಳು ಲೈನಿಗೆಲ್ಲ ಹರಡಿದವು. ವೆಲ್ಡರಣ್ಣ ಬಕೆಟ್ ಹಿಡಿದು ಮನೆಮನೆಗೂ ಹೋದರು. ಜನ ನಗುತ್ತಲೇ ಹಿಡಿದು, ಲೋಟದಲ್ಲೋ ಟಿಫಿನ್ ಬಾಕ್ಸಿನಲ್ಲೋ ತಂದುಕೊಟ್ಟರು. ಕೊನೆಗೆ ನಮ್ಮ ಬಾಗಿಲಿಗೆ ಬಂದರು.

"ನಮ್ಮವೇನಾದ್ರೂ ಬಂದವಾ ಅಕ್ಕಾ?"

"ಒಂದೂ ಬಂದಿಲ್ಲ, ಓಗಣ್ಣ," ಅಂದಳು ಅಮ್ಮ.

ಆಗಲೇ ಅಕ್ಕಿ ಡಬ್ಬದ ಹಿಂದಿನಿಂದ ಚಿರ್ರ್ ಅಂತು. ಅಮ್ಮ ಸೆರಗು ಸರಿಮಾಡಿಕೊಂಡು ಸೂರು ನೋಡಿದಳು.

ವೆಲ್ಡರಣ್ಣ ಒಳಗೆ ಇಣುಕಲೂ ಇಲ್ಲ. ಜೇಬಿನ ಕ್ಯಾರೆಟ್ ತೆಗೆದು, ಅರ್ಧ ಮುರಿದು, ಅಮ್ಮನ ಕೈಗಿಟ್ಟರು.

"ಮೊದ್ಲು ಅದರ ಒಟ್ಟೆ ತುಂಬ್ಲಿ ಕಣಕ್ಕ."