ಗವಿಯ ದಾರಿಗೆ ಅಡ್ಡ ನಿಂತವರು

ನನ್ನ ಮನೆಯ ನಡುಮನೆಯಲ್ಲಿ ಇಲ್ಲದವರು ಕಾಣಿಸಿಕೊಳ್ಳತೊಡಗಿದ್ದು 2003ನೇ ಇಸವಿಯ ಶ್ರಾವಣದಲ್ಲಿ. ಅಷ್ಟು ಹೊತ್ತಿಗೆ ಗ್ಲಾಕೋಮಾ ನನ್ನ ಎರಡು ಕಣ್ಣುಗಳನ್ನೂ ಹೆಚ್ಚುಕಡಿಮೆ ನುಂಗಿತ್ತು. ಬೆಳಕು, ನೆರಳು, ಎದುರಿಗೆ ಬಂದವರ ಮಸುಕು ಆಕಾರ, ಇಷ್ಟೇ ಉಳಿದಿತ್ತು. ಗವಿಪುರದ ಗಂಗಾಧರೇಶ್ವರನನ್ನು ನಂಬಿದ ಭಕ್ತರೆಲ್ಲರಿಗೂ ನಮಸ್ಕರಿಸಿ, ಆ ವರ್ಷ ಅವನು ನನ್ನ ಪಾಲಿಗೆ ಏನು ಮಾಡಿದನೆಂಬುದನ್ನು ಹೇಳುತ್ತೇನೆ.

ನಾನು ಚಾಮರಾಜಪೇಟೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವಳು. ಕೆಳಗೆ ಮನೆ, ಮಹಡಿಯ ಮೇಲೆ ಇನ್‌ಸ್ಟಿಟ್ಯೂಟ್. ಆರು ಗಂಟೆಯ ಬ್ಯಾಚಿಗೆ ಆರೂ ಒಂದಕ್ಕೆ ಬಂದವರು ಬಾಗಿಲ ಹೊರಗೆ. ಕೀಲಿ ನೋಡಿಕೊಂಡು ಹೊಡೆಯುವವರ ಕೈ ಮೇಲೆ ಟವಲು ಹೊದಿಸುತ್ತಿದ್ದೆ. "ಬೆರಳಿಗೆ ಗೊತ್ತಿರತ್ತೆ, ಕಣ್ಣು ಯಾಕೆ?" ಎಂದು ಗದರುತ್ತಿದ್ದೆ. ನನ್ನವರು ತೀರಿಕೊಂಡ ಮೇಲೂ ಒಬ್ಬಳೇ ನಡೆಸಿದೆ. ಕಂಪ್ಯೂಟರು ಬಂದ ಮೇಲೆ ಮುಚ್ಚಿ, ಒಂದು ಟೈಪ್‌ರೈಟರನ್ನು ಮಾತ್ರ ಉಳಿಸಿಕೊಂಡು, ಮಹಡಿಯನ್ನು ಬಾಡಿಗೆಗೆ ಕೊಟ್ಟೆ. ಕಣ್ಣು ಹೋದಾಗ ಆ ಹಳೆಯ ಶಿಸ್ತೇ ನನ್ನ ಕೈ ಹಿಡಿಯಿತು. ಕಾಫಿಪುಡಿ ಡಬ್ಬಿ ಎಡಕ್ಕೆ, ಸಕ್ಕರೆ ಬಲಕ್ಕೆ; ಬೆಳಗ್ಗೆ ಐದಕ್ಕೆ ಎದ್ದು ಸ್ನಾನ, ಸಂಜೆ ದೀಪ ಹಚ್ಚಿ ಪಂಚಾಕ್ಷರಿ ಜಪ. ಯಾರ ಹಂಗೂ ಇರಲಿಲ್ಲ.

ಅಂಥದೊಂದು ಸಂಜೆ ಜಪಕ್ಕೆ ಕೂತಿದ್ದಾಗ, ಎದುರು ಗೋಡೆಗೆ ಸಾಲಾಗಿ ಹುಡುಗಿಯರು ಕೂತಿದ್ದರು. ಲಂಗ ದಾವಣಿ, ಎಣ್ಣೆ ಹಚ್ಚಿ ಹೆಣೆದ ಜಡೆ. ದಾವಣಿಯ ಅಂಚಿನ ಬುಟ್ಟಾಗಳು ಕೂಡ ಒಂದೊಂದಾಗಿ ಕಾಣುತ್ತಿದ್ದವು. ನನ್ನ ಕೈಬೆರಳೇ ನನಗೆ ಕಾಣದಿದ್ದಾಗ! ಯಾರೂ ನನ್ನತ್ತ ನೋಡಲಿಲ್ಲ. ಯಾರೂ ಮಾತಾಡಲಿಲ್ಲ. "ಯಾರಮ್ಮ ನೀವು?" ಎಂದು ಕೇಳಿದೆ. ನನ್ನ ದನಿ ಖಾಲಿ ಕೋಣೆಯಲ್ಲಿ ಕೇಳಿಸುವ ಹಾಗೆಯೇ ಕೇಳಿಸಿತು.

ಆಮೇಲೆ ತುಳಸಿಕಟ್ಟೆಯ ಹತ್ತಿರ ಕೆಂಪು ಪೇಟ ಸುತ್ತಿದ ಎತ್ತರದ ಗಂಡಸು ನಿಲ್ಲತೊಡಗಿದ. ಕೋಟಿನ ಗುಂಡಿಗಳು ಹೊಳೆಯುತ್ತಿದ್ದವು. ಬಂದವರಲ್ಲಿ ಗುರುತಿನ ಮುಖ ಒಂದೂ ಇರಲಿಲ್ಲ. ನನ್ನವರೇನಾದರೂ ಅವರ ನಡುವೆ ಇದ್ದಾರೆಯೇ ಎಂದು ಹುಡುಕಿದೆ. ಅವರು ಒಂದು ಸಲವೂ ಬರಲಿಲ್ಲ.

ನನ್ನನ್ನು ಕಂಗೆಡಿಸಿದ್ದು ಬೇರೆಯೇ ಸಂಗತಿ. ಅವರು ಬರುತ್ತಿದ್ದುದು ಹೆಚ್ಚಾಗಿ ಜಪದ ಹೊತ್ತಿಗೆ. ಹೋಗಲೆಂದು ಇನ್ನೊಂದು ಮಾಲೆ ಹೆಚ್ಚು ಜಪಿಸಿದರೆ ಅವರೂ ಹೆಚ್ಚು ಹೊತ್ತು ಇರುತ್ತಿದ್ದರು. ಶಿವನ ಹೆಸರು ಹೇಳಿದರೆ ಭೂತ ಓಡುತ್ತದೆಂದು ಕೇಳಿದ್ದೆವು. ನನ್ನ ಮನೆಯಲ್ಲಿ ಆ ಹೆಸರು ಕೇಳಿಯೇ ಬಂದು ಕೂರುತ್ತಿದ್ದವು. ಕೊನೆಗೆ ಜಪ ನಿಲ್ಲಿಸಿದೆ. ಹನ್ನೊಂದನೆಯ ವಯಸ್ಸಿನಿಂದ ಬಿಡದ ಜಪ.

ಯಾರಿಗೂ ಹೇಳಲಿಲ್ಲ. ಅದಕ್ಕೆ ಕಾರಣವಿತ್ತು.

ಅದೇ ದಿನಗಳಲ್ಲಿ ಬ್ಯಾಂಕಿನಲ್ಲಿ ನನ್ನ ಸಹಿ ಹೊಂದುತ್ತಿಲ್ಲವೆಂದು ಚೆಕ್ಕು ವಾಪಸು ಬಂದಿತ್ತು. ಗೆರೆ ಕಾಣದೆ ಅಕ್ಷರ ಒಂದರ ಮೇಲೊಂದು ಹತ್ತುತ್ತಿತ್ತು. ಮ್ಯಾನೇಜರು ಒಳ್ಳೆಯವರೇ. "ಹೆಬ್ಬೆಟ್ಟು ಹಾಕ್ಬಿಡಿ ಮೇಡಂ. ಇಲ್ಲಾಂದ್ರೆ ನಿಮ್ಮ ತಮ್ಮನ ಜೊತೆ ಜಾಯಿಂಟ್ ಮಾಡ್ಕೊಂಡು ಅವರೇ ನೋಡ್ಕೊಳ್ಳಲಿ" ಎಂದರು. ಅರ್ಧ ಪೇಟೆಗೆ ಬೆರಳು ಓಡಿಸುವುದು ಕಲಿಸಿದ ನನಗೆ ಹೆಬ್ಬೆಟ್ಟು!

ನನ್ನ ತಮ್ಮ ಪದ್ಮನಾಭ, ನಾವೆಲ್ಲ ಕರೆಯುವುದು ಪದ್ದು, ಮಲ್ಲೇಶ್ವರದಲ್ಲಿ ಇರುವವನು. ನನ್ನ ಮೇಲೆ ಪ್ರಾಣ. ಅವನು ಆ ಸಂಜೆಯೇ ಬಂದ.

"ಅಕ್ಕ, ಒಂದು ಜನರಲ್ ಪವರ್ ಆಫ್ ಅಟಾರ್ನಿ ನನ್ನ ಹೆಸರಿಗೆ ಕೊಟ್ಬಿಡು. ಬ್ಯಾಂಕು, ಬಾಡಿಗೆ, ಮನೆ, ಎಲ್ಲಾ ನಾನು ನೋಡ್ಕೋತೀನಿ. ನೀನು ನಮ್ಮನೇಲಿ ಆರಾಮಾಗಿರು."

"ಈ ಮನೆ?"

"ಇದನ್ನೂ ಬಾಡಿಗೆಗೆ ಕೊಡೋಣ. ಒಬ್ಳೇ ಎಷ್ಟು ದಿನ ಅಂತ ತಡಕಾಡ್ತೀಯ?"

"ನಾನು ತಡಕಾಡ್ತಿಲ್ಲ ಕಣೋ. ನೀನು ಕೂತಿರೋ ಕುರ್ಚಿ ಒಂದು ಗೇಣು ಆಚೆ ಎಳೆದಿದೀಯ. ಹೋಗೋವಾಗ ಸರಿಯಾಗಿ ಇಟ್ಟು ಹೋಗು."

ಅವನು ನಕ್ಕ. ಆದರೂ ವಕೀಲರ ಹತ್ತಿರ ಕರೆದುಕೊಂಡು ಹೋದ. ವಕೀಲರು ಕಾಗದದ ಮೇಲೆ ಕಣ್ಣಿಟ್ಟೇ, ಯಾರನ್ನೂ ಉದ್ದೇಶಿಸದೆ, ಒಂದು ಮಾತು ಹೇಳಿದರು. "ಕಣ್ಣು ಕಾಣದಿದ್ರೆ ಏನೂ ತೊಂದರೆ ಇಲ್ಲ, ಓದಿ ಹೇಳಿ ಸಹಿ ಮಾಡಿಸಬಹುದು. ಬುದ್ಧಿ ನೆಟ್ಟಗಿರ್ಬೇಕು ಅಷ್ಟೇ. ಅದು ಇಲ್ಲಾಂದ್ರೆ ಇವರು ಪವರ್ ಕೊಡೋಕೂ ಬರಲ್ಲ. ಕೋರ್ಟೇ ಯಾರನ್ನಾದ್ರೂ ನೇಮಿಸ್ಬೇಕಾಗತ್ತೆ."

ಅವರ ಕುರ್ಚಿಯ ಹಿಂದೆ ಆಗ ಕೆಂಪು ಪೇಟದವನು ನಿಂತಿದ್ದ.

ಇನ್‌ಸ್ಟಿಟ್ಯೂಟಿನಲ್ಲಿ ನಾವು ಪತ್ರಗಳನ್ನೂ ಟೈಪ್ ಮಾಡಿಕೊಡುತ್ತಿದ್ದೆವು. "ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ ಬರೆಸಿಕೊಟ್ಟ ಪತ್ರ" ಎಂಬ ಸಾಲನ್ನು ನನ್ನ ಬೆರಳು ಲೆಕ್ಕವಿಲ್ಲದಷ್ಟು ಸಲ ಹೊಡೆದಿದೆ. ಒಂದು ದಿನವೂ ಅದರ ಅರ್ಥ ಯೋಚಿಸಿರಲಿಲ್ಲ. ಆ ರಾತ್ರಿ ಅದೇ ಯೋಚನೆ. ನಾಳೆ ನಾನು ಬಾಯಿ ತಪ್ಪಿ "ಈ ಹುಡುಗಿಯರನ್ನು ಏಳಿಸಿ" ಎಂದುಬಿಟ್ಟರೆ, ನನ್ನ ಮನೆಯ ಬಗ್ಗೆ, ನನ್ನ ಊಟದ ಬಗ್ಗೆ, ನಾನು ಎಲ್ಲಿರಬೇಕೆಂಬುದರ ಬಗ್ಗೆ ನನ್ನ ಮಾತನ್ನು ಇನ್ನು ಯಾರೂ ಕೇಳುವುದಿಲ್ಲ. ಜನ ತಿಳಿಯುವ ಮೊದಲು, ಬುದ್ಧಿವಂತಳೆಂಬ ಹೆಸರು ಇರುವಾಗಲೇ, ಎಲ್ಲವನ್ನೂ ಪದ್ದುವಿಗೆ ಬರೆದುಕೊಟ್ಟು ಬಾಯಿ ಮುಚ್ಚಿಕೊಂಡು ಒಂದು ಕೋಣೆ ಸೇರುವುದೇ ಸರಿ ಎನ್ನಿಸಿತು. ಕಾರ್ತಿಕ ಕಳೆದ ಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವುದೆಂದು ಒಪ್ಪಿಕೊಂಡೆ.

ಕಾರ್ತಿಕದ ಕೊನೆಯ ಸೋಮವಾರ ಗವಿಪುರಕ್ಕೆ ಹೋಗುವುದು ನಮ್ಮ ಮನೆಯ ಪದ್ಧತಿ. ಜಪ ಬಿಟ್ಟವಳಿಗೆ ಯಾವ ಮುಖ ಎನ್ನಿಸಿದರೂ ಹೋದೆ. ಪದ್ದು ಆಟೋದಲ್ಲಿ ಕರೆದುಕೊಂಡು ಹೋದ. ದೇವರ ಎದುರು ನಿಂತು, ತಂದೆ, ಇಲ್ಲದ್ದನ್ನು ನನಗೆ ತೋರಿಸಬೇಡ, ಇರುವುದನ್ನು ನನ್ನಿಂದ ಕಿತ್ತುಕೊಳ್ಳಬೇಡ ಎಂದು ಬೇಡಿಕೊಂಡೆ.

ಆ ಗುಡಿ ಬಲ್ಲವರಿಗೆ ಗೊತ್ತು, ಗರ್ಭಗುಡಿಯ ಸುತ್ತ ಪ್ರದಕ್ಷಿಣೆಯ ದಾರಿ ಬಂಡೆಯೊಳಗೇ ಇದೆ. ಬಗ್ಗಿಕೊಂಡೇ ಹೋಗಬೇಕು, ಒಬ್ಬರ ಹಿಂದೆ ಒಬ್ಬರು. ಪಕ್ಕಕ್ಕೆ ಸರಿಯಲು ಜಾಗವಿಲ್ಲ.

"ಅಕ್ಕ, ನನ್ನ ಸೊಂಟ ಬಗ್ಗಲ್ಲ. ಬಂಡೆ ಹಿಡ್ಕೊಂಡು ನೀನು ಒಂದು ಸುತ್ತು ಬಂದ್ಬಿಡು, ಇಲ್ಲೇ ಇರ್ತೀನಿ" ಎಂದ ಪದ್ದು. ಚಿಕ್ಕಂದಿನಿಂದ ನಡೆದ ದಾರಿ. ಬಲಗೈಯನ್ನು ಬಂಡೆಯ ಮೇಲಿಟ್ಟು ಹೊರಟೆ.

ದಾರಿ ತಿರುಗುವಲ್ಲಿ ಅವನು ನಿಂತಿದ್ದ.

ನಾವೆಲ್ಲ ಬಗ್ಗಿರುವ ಆ ತಗ್ಗಿನಲ್ಲಿ ಅವನು ನೆಟ್ಟಗೆ ನಿಂತಿದ್ದ. ಕೆಂಪು ಪೇಟ ಮೇಲಿನ ಬಂಡೆಯೊಳಗೆ ಹೊಕ್ಕಿತ್ತು. ಬಂಡೆಯೊಳಗಿದ್ದರೂ ಅದರ ಒಂದೊಂದು ಮಡಿಕೆಯೂ ನನಗೆ ಕಾಣುತ್ತಿತ್ತು. ಮನೆಯಲ್ಲಾದರೆ ನಾನು ಬಳಸಿಕೊಂಡು ಹೋಗುತ್ತಿದ್ದೆ. ಅಷ್ಟು ತಿಂಗಳಲ್ಲಿ ಒಬ್ಬರನ್ನೂ ಮುಟ್ಟಿರಲಿಲ್ಲ. ಮುಟ್ಟಿದರೆ ಕೈಗೆ ಏನಾದರೂ ಸಿಕ್ಕಿಬಿಟ್ಟರೆ ಎಂಬ ಭಯ. ಇಲ್ಲಿ ಬಳಸಲು ದಾರಿಯಿಲ್ಲ, ಹಿಂದಕ್ಕೆ ಹೋಗಲು ಸಾಲು ಬಿಡುವುದಿಲ್ಲ. ನಿಂತುಬಿಟ್ಟೆ.

"ಯಾಕ್ರೀ ಅಮ್ಮ, ನಿಂತ್ಬಿಟ್ರಿ? ಮುಂದೆ ಖಾಲಿ ಇದೆ, ನಡೀರಿ" ಎಂದಿತು ನನ್ನ ಬೆನ್ನ ಹಿಂದಿನ ಹೆಂಗಸಿನ ದನಿ.

ಬಾಯಿ ತಪ್ಪಿತು. "ಒಬ್ಬರು ನಿಂತಿದಾರಲ್ಲ."

"ಎಲ್ರೀ? ಯಾರೂ ಇಲ್ಲ!"

ಇನ್ನೂ ಹಿಂದಿನಿಂದ ಯಾರೋ ಕೂಗಿದರು. "ಏನ್ರೀ ಅದು ಮುಂದೆ? ಉಸಿರು ಕಟ್ತಾ ಇದೆ ಇಲ್ಲಿ!"

ಮುಗಿಯಿತು, ಎಲ್ಲರ ಎದುರು ಬಯಲಾಯಿತು ಎಂದುಕೊಂಡೆ. ಆಗ ಆ ಹೆಂಗಸಿನ ಹಿಂದಿನಿಂದ ಮುದುಕರೊಬ್ಬರು ಮೆಲ್ಲಗೆ ಕೇಳಿದರು.

"ತಡಿ ಗೌರಿ. ಅಮ್ಮ, ನಿಮಗೂ ಕಾಣ್ತಾರಾ?"

ಆ 'ನಿಮಗೂ' ಎಂಬ ಮಾತು ಕಿವಿಗೆ ಬಿತ್ತು. ಬಂಡೆಗೆ ಒರಗಿದೆ.

"ಕಣ್ಣು ಮಂದಾನಾ?" ಎಂದರು.

"ಹೋಗೇಬಿಟ್ಟಿದೆ."

"ನನಗೂ ಅಷ್ಟೇ. ಹೆಂಡತಿ ಸೆರಗು ಹಿಡ್ಕೊಂಡು ಸುತ್ತು ಹಾಕ್ತಿದೀನಿ. ಹೇಗಿದಾರೆ ನಿಮ್ಮೋರು?"

"ಎತ್ತರ. ಕೆಂಪು ಪೇಟ."

"ಒಬ್ಬರೇ ತಾನೆ? ಪುಣ್ಯವಂತರು. ನನಗೆ ಬರೋದು ಪೂರ್ತಿ ಬ್ಯಾಂಡ್ ಸೆಟ್. ವರ್ಷ ಆಯ್ತು, ಒಂದು ದಿನಾನೂ ಊದಿಲ್ಲ ಸೋಮಾರಿಗಳು."

"ಅವರಿಗೆ ಕಾಫಿ ಒಂದು ಕೊಟ್ಟಿಲ್ಲ ನಾನು" ಎಂದರು ಗೌರಮ್ಮ. "ನಡೀರಮ್ಮ, ಜನ ಬೈತಾರೆ."

"ಅವರ ಮೈಯೊಳಗೇ ನಡ್ಕೊಂಡು ಹೋಗಿ ತಾಯಿ. ಬೇಜಾರು ಮಾಡ್ಕೊಳಲ್ಲ" ಎಂದರು ಮುದುಕರು.

ಬಿಟ್ಟಿದ್ದ ನಾಮ ಬಾಯಿಗೆ ತಾನಾಗಿ ಬಂತು. ಓಂ ನಮಃ ಶಿವಾಯ ಎನ್ನುತ್ತ ಕಾಲಿಟ್ಟೆ. ಕೋಟಿನ ಗುಂಡಿಗಳು ನನ್ನ ಮುಖದವರೆಗೆ ಬಂದವು. ಆಮೇಲೆ ಎಣ್ಣೆ ದೀಪದ ವಾಸನೆ, ಕೈಯಡಿ ತಣ್ಣನೆಯ ಬಂಡೆ, ಅಷ್ಟೇ. ಸುತ್ತು ಮುಗಿಯಿತು.

ಹೊರಗೆ ನಂದಿಯ ಬಳಿ ಕೂತು ಮಾತಾಡಿದೆವು. ಅವರು ಮಾವಳ್ಳಿಯ ವೆಂಕಟಸ್ವಾಮಿ, ಅಂಚೆ ಇಲಾಖೆಯಿಂದ ನಿವೃತ್ತರು. ಅವರೂ ಹುಚ್ಚು ಹಿಡಿಯಿತೆಂದು ಹೆದರಿ ಮುಚ್ಚಿಟ್ಟಿದ್ದರಂತೆ. ಹೆಂಡತಿ ಗದರಿಸಿ ಬಾಯಿ ಬಿಡಿಸಿ ಕಣ್ಣಿನ ಡಾಕ್ಟರ ಬಳಿ ಎಳೆದುಕೊಂಡು ಹೋಗಿದ್ದರು. ಪದ್ದು ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಆಟೋ ಹತ್ತಿದ ಮೇಲೆ ಕೇಳಿದ.

"ನನಗೆ ಯಾಕೆ ಹೇಳ್ಲಿಲ್ಲ ಅಕ್ಕ?"

"ಹೇಳಿದ್ರೆ ಏನ್ ಮಾಡ್ತಿದ್ದೆ?"

ಅವನು ನಿಜ ಹೇಳಿದ. "ಹೆದರ್ಕೊಂಡು ಎಲ್ಲಿಗಾದ್ರೂ ಸೇರಿಸ್ಬಿಡ್ತಿದ್ನೇನೋ."

ಅದೇ ವಾರ ಕಣ್ಣಾಸ್ಪತ್ರೆಗೆ ಹೋದೆವು. ಡಾಕ್ಟರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು. "ಮಾತಾಡ್ತಾರಾ?" ಇಲ್ಲ. "ಏನಾದ್ರೂ ಮಾಡು ಅಂತ ಹೇಳ್ತಾರಾ?" ಇಲ್ಲ. "ಅವರು ನಿಜವಾಗಿ ಇಲ್ಲ ಅಂತ ನಿಮಗೆ ಗೊತ್ತಾ?" ಗೊತ್ತು. ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿಪಡಿಸಿಕೊಳ್ಳಲು ತಲೆಯ ಸ್ಕ್ಯಾನ್ ಮಾಡಿಸಿದರು. ಆಮೇಲೆ ಹೇಳಿದರು. "ಕಣ್ಣಿಂದ ಸುದ್ದಿ ಬರೋದು ನಿಂತ್ರೆ ಮಿದುಳು ಸುಮ್ನೆ ಕೂರಲ್ಲಮ್ಮ, ತಾನೇ ಚಿತ್ರ ಬರ್ಕೊಳತ್ತೆ. ಇದು ಕಣ್ಣಿನ ತೊಂದರೆ, ಬುದ್ಧೀದಲ್ಲ. ಎಷ್ಟೋ ಜನಕ್ಕೆ ಬರತ್ತೆ, ಯಾರೂ ಬಾಯಿ ಬಿಡಲ್ಲ. ಮಂದ ಬೆಳಕಲ್ಲಿ ಅಲ್ಲಾಡದೆ ಕೂತಾಗ ಜಾಸ್ತಿ."

ಮಂದ ಬೆಳಕಿನಲ್ಲಿ ಅಲ್ಲಾಡದೆ! ಒಂಟಿ ದೀಪದ ಮುಂದೆ ಮಿಸುಕದೆ ಕೂತು ನಾನು ಮಾಡುತ್ತಿದ್ದುದು ಅದನ್ನೇ. ಅವರನ್ನು ಕರೆದದ್ದು ಶಿವನ ಹೆಸರಲ್ಲ. ಅಲ್ಲೇ, ಡಾಕ್ಟರ ಕೋಣೆಯಲ್ಲೇ ಅತ್ತುಬಿಟ್ಟೆ. ಅವರು ತಮ್ಮ ಅಭಿಪ್ರಾಯವನ್ನು ಬರೆದು ಸಹಿ ಮಾಡಿಕೊಟ್ಟರು.

ಪವರ್ ಆಫ್ ಅಟಾರ್ನಿಯನ್ನು ಕೊಟ್ಟೆ, ಆದರೆ ಜನರಲ್ ಅಲ್ಲ. ಮನೆಗಂದಾಯ ಕಟ್ಟುವುದು, ಕರೆಂಟು ನೀರಿನ ಕಚೇರಿಗೆ ಓಡಾಡುವುದು ಪದ್ದುವಿಗೆ. ಬ್ಯಾಂಕು, ಬಾಡಿಗೆ, ಮನೆ ನನ್ನವು. ವಕೀಲರು ಹೇಳಿದ ಹಾಗೆ ಕರಡನ್ನು ನಾನೇ ಟೈಪ್ ಮಾಡಿದೆ. ಸ್ವಸ್ಥಚಿತ್ತದಿಂದ ಎಂಬಲ್ಲಿ ಬೆರಳು ಒಂದು ಕ್ಷಣ ನಿಂತಿತು, ಆಮೇಲೆ ಹೊಡೆಯಿತು.

ಸಬ್‌ರಿಜಿಸ್ಟ್ರಾರ್ ಪತ್ರವನ್ನು ಗಟ್ಟಿಯಾಗಿ ಓದಿಸಿದರು. ಆಮೇಲೆ ನನ್ನತ್ತ ತಿರುಗಿದರು.

"ಅಮ್ಮ, ನಿಮಗೆ ಕಣ್ಣು ಕಾಣಲ್ಲ. ಯಾರಾದ್ರೂ ಬಲವಂತ ಮಾಡಿ ಕರ್ಕೊಂಡ್ಬಂದಿದಾರಾ? ಈಗ ನಿಮ್ಮ ಸುತ್ತ ಯಾರ್ಯಾರು ನಿಂತಿದಾರೆ ಹೇಳಿ ನೋಡೋಣ."

ಕೋಣೆ ಮಂಕಾಗಿತ್ತು. ಬಹಳ ಹೊತ್ತು ಕೂತು ಕಾದಿದ್ದೆವು. ಗೋಡೆಯ ಉದ್ದಕ್ಕೂ ಲಂಗ ದಾವಣಿಯ ಹುಡುಗಿಯರು ಕೂತಿದ್ದರು, ಹೆಣೆದ ಜಡೆ ಮುಂದಕ್ಕೆ ಹಾಕಿಕೊಂಡು. ಸಬ್‌ರಿಜಿಸ್ಟ್ರಾರರ ಭುಜದ ಪಕ್ಕದಲ್ಲಿ ಕೆಂಪು ಪೇಟದವನು, ಗುಂಡಿ ಹೊಳೆಯುತ್ತ. ಗಂಗಾಧರ ಎಂದುಕೊಂಡೆ. ಸ್ಪಷ್ಟವಾಗಿ ಕಂಡವರನ್ನೆಲ್ಲ ಬಿಟ್ಟೆ. ಮಸುಕಾಗಿ ಕಂಡವರನ್ನು ಮಾತ್ರ ಎಣಿಸಿದೆ.

"ಎಡಗಡೆ ನನ್ನ ತಮ್ಮ. ಬಲಗಡೆ ಇಬ್ಬರು ಸಾಕ್ಷಿಗಳು. ಎದುರಿಗೆ ನೀವು, ನಿಮ್ಮ ಬಲಕ್ಕೆ ಈಗ ಓದಿದವರು. ಬೇರೆ ಯಾರೂ ಇಲ್ಲ ಸಾರ್. ಬಲವಂತವೂ ಇಲ್ಲ."

"ಸಹಿ ಮಾಡಿ" ಎಂದರು.

ಗೌರಮ್ಮ ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಸಹಿಯಷ್ಟೇ ಉದ್ದದ ಕಿಂಡಿ ಕತ್ತರಿಸಿ ಕೊಟ್ಟಿದ್ದರು. ಅದನ್ನು ಕಾಗದದ ಮೇಲಿಟ್ಟು ಕಿಂಡಿಯೊಳಗೆ ಬರೆದರೆ ಅಕ್ಷರ ಗೆರೆ ಬಿಡುವುದಿಲ್ಲ. ಹಾಗೆಯೇ ಬರೆದೆ. ಆ ಕಚೇರಿಯಲ್ಲಿ ಕಣ್ಣಿದ್ದವರಿಂದಲೂ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಅದಕ್ಕೆ ನನ್ನ ತಕರಾರಿರಲಿಲ್ಲ. ಬ್ಯಾಂಕಿನವರೂ ಆ ರಟ್ಟಿನಿಂದಲೇ ಹೊಸ ಮಾದರಿ ಸಹಿ ತೆಗೆದುಕೊಂಡರು. ಚೆಕ್ಕು ಮತ್ತೆ ವಾಪಸು ಬರಲಿಲ್ಲ.

ಇದನ್ನು ಓದುವವರಲ್ಲಿ, ಓದಿಸಿಕೊಂಡು ಕೇಳುವವರಲ್ಲಿ, ಕಣ್ಣು ಮಂದವಾಗಿ ಇಲ್ಲದವರನ್ನು ಕಂಡು ಬಾಯಿ ಮುಚ್ಚಿಕೊಂಡು ಕೂತವರು ಇರಬಹುದು. ನಿಮಗೆಂದೇ ಬರೆದಿದ್ದೇನೆ. ಕಣ್ಣಿನ ಡಾಕ್ಟರಿಗೆ ಹೇಳಿ. ಹೆದರಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಜಪ ಮತ್ತೆ ಹಿಡಿದಿದ್ದೇನೆ. ದೀಪದ ಜೊತೆಗೆ ಟ್ಯೂಬ್‌ಲೈಟನ್ನೂ ಹಾಕುತ್ತೇನೆ. ಆದರೂ ಕೆಲವು ಸಂಜೆ ಅವರು ಬರುತ್ತಾರೆ. ಟೈಪ್‌ರೈಟರಿನ ರಿಬ್ಬನ್ನಿನಲ್ಲಿ ಶಾಯಿ ಇದೆಯೆಂದು ಪದ್ದು ನೋಡಿ ಹೇಳಿ ಹೋದ ಮೇಲೆ ಇದನ್ನು ಹೊಡೆಯುತ್ತ ಕೂತಿದ್ದೇನೆ. ಗೋಡೆಯ ಬಳಿ ಹುಡುಗಿಯರು ಕೂತಿದ್ದಾರೆ, ಎಂದಿನಂತೆ ಬೇರೆಲ್ಲೋ ನೋಡುತ್ತ. ಅವರನ್ನು ಕಳಿಸಿಬಿಡೆಂದು ಗಂಗಾಧರನನ್ನು ನಾನು ಈಗ ಕೇಳುವುದಿಲ್ಲ. ಆ ಬಂಡೆಯ ದಾರಿಯಲ್ಲಿ ಅವನು ನನ್ನನ್ನು ಅವರ ಮೈಯೊಳಗಿನಿಂದಲೇ ದಾಟಿಸಿದ್ದಾನೆ. ಇನ್ನೇನು, ಜಪದ ಹೊತ್ತಾಯಿತು. ಎದ್ದು ಅವರ ನಡುವೆಯೇ ನಡೆದು ದೀಪ ಹಚ್ಚುತ್ತೇನೆ.