ಹೆಸರಿನ ಜಾಗದಲ್ಲಿ ಚೌಕಗಳು

ಕಳೆದ ವಾರ ಆಫೀಸಿನ ಬೀರು ಚೊಕ್ಕ ಮಾಡುವಾಗ ಹಾಲಿನ ಹಳೆಯ ಚೀಟಿಯೊಂದು ಸಿಕ್ಕಿತು. ಹಾಲು ಹಾಕಿದ ರೈತರ ಹೆಸರಿರಬೇಕಾದ ಜಾಗದಲ್ಲಿ ಬರೀ ಚೌಕಗಳ ಸಾಲು. ಮೊದಲು ನಗು ಬಂತು, ಆಮೇಲೆ ಸಿಸ್ಟಮ್ ಅಣ್ಣ ನೆನಪಾದರು...

ಮದ್ದೂರಿನ ನಮ್ಮ ಹಾಲು ಸಂಗ್ರಹ ಕೇಂದ್ರದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು ಅವರು. ಕೆರಗೋಡಿನಿಂದ ದಿನವೂ ಎರಡು ಬಸ್ಸು ಹತ್ತಿ ಬರುತ್ತಿದ್ದರು. ಓದಿದ್ದು ಪಿಯುಸಿವರೆಗೆ, ಮಿಕ್ಕಿದ್ದೆಲ್ಲ ಸ್ವಂತ ಕಲಿಕೆ. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ.

ಹಾಲಿನ ಲೆಕ್ಕವೆಲ್ಲ ಇರುವ ನಮ್ಮ ಸರ್ವರನ್ನು ನಡೆಸುತ್ತಿದ್ದ ಲಿನಕ್ಸ್ ಎಂಬ ಉಚಿತ ತಂತ್ರಾಂಶವನ್ನು ಇನ್ನು ಮುಂದುವರಿಸುವುದಿಲ್ಲವೆಂದು ಅದನ್ನು ತಯಾರಿಸುತ್ತಿದ್ದವರು ತಿಳಿಸಿಬಿಟ್ಟರು. ಅದನ್ನೇ ನೆಚ್ಚಿಕೊಂಡಿದ್ದ ದೇಶದೇಶದ ಜನ ಒಟ್ಟಾಗಿ, ಅಂಥದ್ದೇ ಇನ್ನೊಂದನ್ನು ಕಟ್ಟಿ ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದರು. ಅದನ್ನೇ ಹಾಕೋಣವೆಂದರು ಅಣ್ಣ. ಮ್ಯಾನೇಜರಿಗೆ ನಂಬಿಕೆಯಿಲ್ಲ.

"ಪುಕ್ಸಟ್ಟೆ ಕೊಟ್ಟೋರು ನಾಳೆ ಕೆಟ್ರೆ ಫೋನ್ ಎತ್ತಾರೇನಯ್ಯ?"

"ಫೋನ್ ಎಲ್ಲೈತೆ ಸಾರ್. ಬರ್ದು ಕೇಳುದ್ರೆ ಏಳ್ಕೊಡ್ತಾರೆ," ಎಂದರು ಅಣ್ಣ.

ಕೊನೆಗೆ ಒಂದು ಭಾನುವಾರ ಅಪ್ಪಣೆ ಸಿಕ್ಕಿತು. ಬೆಳಗಿನ ಹಾಲು ಮುಗಿದು ಸಂಜೆಯ ಹಾಲು ಬರುವುದರೊಳಗೆ ಎಲ್ಲ ಸರಿಹೋಗಬೇಕು, ಇಲ್ಲವಾದರೆ ಹಳೆಯದೇ ಗತಿ. ಮೂರು ಗಂಟೆಗೆಲ್ಲ ಮುಗಿದಿತ್ತು, ಕನ್ನಡ ಒಂದನ್ನು ಬಿಟ್ಟು. ಚೀಟಿಯ ತುಂಬ ಚೌಕ. ಅಣ್ಣನ ಮುಖ ಸಪ್ಪಗಾಯಿತು. ಅವರು ಹೇಳುತ್ತ ಹೋದಂತೆ ಆ ಲಿನಕ್ಸ್ ಬಳಗಕ್ಕೆ ನಾನು ಇಂಗ್ಲಿಷಿನಲ್ಲಿ ಬರೆದೆ. ಅರ್ಧ ಗಂಟೆಯಲ್ಲಿ ಯಾವುದೋ ದೇಶದ ಹೆಂಗಸೊಬ್ಬರಿಂದ ಉತ್ತರ ಬಂತು. ಆಕೆ ಹೇಳಿದ ಹಾಗೇ ಮಾಡಿದಾಗ ಅಕ್ಷರವೇನೋ ಮೂಡಿತು, ಒತ್ತಕ್ಷರಗಳು ಮಾತ್ರ ಪಕ್ಕಕ್ಕೆ ಸರಿದು ಕೂತವು. ಅಣ್ಣ ಊಟ ಬಿಟ್ಟು ತಡಕಾಡಿ, ಉಳಿದ ತಪ್ಪನ್ನು ತಾವೇ ಹುಡುಕಿ ಸರಿಪಡಿಸಿದರು.

ಮೊದಲ ಚೀಟಿ ಹೋದದ್ದು ವಯಸ್ಸಾದ ಅಮ್ಮನೊಬ್ಬರಿಗೆ. ಆಕೆ ಎಂದಿನಂತೆ ತಮ್ಮ ಹೆಸರನ್ನು ಮೆಲ್ಲಗೆ ಓದಿಕೊಂಡು, ಕ್ಯಾನು ಎತ್ತಿಕೊಂಡು ಹೊರಟರು. ಅಣ್ಣ ನನ್ನ ಕಡೆ ನೋಡಿ ನಕ್ಕರು.

ತಾವು ಕಂಡುಹಿಡಿದದ್ದನ್ನು ಆ ಬಳಗಕ್ಕೂ ಕಳಿಸಿದರು. ಮುಂದಿನ ಆವೃತ್ತಿಯಲ್ಲಿ ಅದು ಸೇರಿತು, ಕೆಲಸ ಮಾಡಿದವರ ಪಟ್ಟಿಯಲ್ಲಿ ಅವರ ಹೆಸರೂ ಬಂತು.

"ನೋಡು ಕಣಮ್ಮ, ಸುಮ್ನೆ ತಕ್ಕೊಂಡಿದ್ದಲ್ಲ. ನಾವೂ ಒಸಿ ಕೊಟ್ಟಿವಿ," ಎಂದು ಅವತ್ತು ಎಲ್ಲರಿಗೂ ವಡೆ ತರಿಸಿದರು. ಮ್ಯಾನೇಜರ್ ಎರಡು ತಿಂದರು.

ಹೋದ ವರ್ಷ ಎದೆನೋವು ಬಂದು ಅಣ್ಣ ತೀರಿಕೊಂಡರು. ಸರ್ವರ್ ಈಗ ನನ್ನ ಪಾಲಿಗೆ ಬಂದಿದೆ. ನಿನ್ನೆ ಹೊಸ ಆವೃತ್ತಿ ಹಾಕುವಾಗ ಒಂದು ಕಡೆ ತೊಡಕಾಯಿತು. ನನಗೇ ಗೊತ್ತಿಲ್ಲದೆ ನನ್ನ ಕೈ ಫೋನಿನಲ್ಲಿ ಅಣ್ಣನ ನಂಬರ್ ತೆಗೆದಿತ್ತು... ಫೋನು ಕೆಳಗಿಟ್ಟೆ. ಆಮೇಲೆ ಬಳಗಕ್ಕೆ ಬರೆದೆ. ಉತ್ತರ ಬಂತು, ಕೆಲಸವೂ ಆಯಿತು. ಆಯಿತು ಎಂದು ನಾನು ಹೇಳುವುದಕ್ಕೆ ಅಣ್ಣ ಇರಲಿಲ್ಲ.